ಗ್ರಾಂಟಿಗೆ ಕಾಯ್ದು ಕೂತ ಸಮುದಾಯ ಭವನ

ಗುಂಡ್ಲುಪೇಟೆ ಕಡೆಯ ಹಂಗಳದ ಆಚೆ ಒಂದು ಊರು. ಅಲ್ಲಿನ ಸಮುದಾಯ ಭವನಕ್ಕೆ ಸಿಮೆಂಟ್ ಶೀಟಿನ ಮಾಡು. ಬೇಸಿಗೆಯಲ್ಲಿ ಒಳಗೆ ಕೂತರೆ ನೆತ್ತಿ ಸುಡುತ್ತದೆ. ಮದುವೆ, ನಾಮಕರಣ, ಸಂಘದ ಮೀಟಿಂಗು ಎಲ್ಲವೂ ಅಲ್ಲೇ. ಕರೆಂಟು ಹೋದರೆ ಹಿಂದಿನ ಕಿಟಕಿ ಪಕ್ಕದಲ್ಲಿ ಡೀಸೆಲ್ ಜನರೇಟರ್ ಶುರುವಾಗುತ್ತದೆ.

ಭವನದ ಸಮಿತಿಗೆ ದೊಡ್ಡಯ್ಯನೇ ಯಜಮಾನ. ಅವನ ಹೆಂಡತಿ ಮಲ್ಲಿಗಮ್ಮ ಸೋಬಾನೆ ಹಾಡದೆ ಸುತ್ತಲ ಊರಲ್ಲಿ ಮದುವೆ ಆಗುತ್ತಿರಲಿಲ್ಲ. ಅವಳಿಗೆ ಚಳಿಗಾಲದಲ್ಲಿ ಒಂದಿಷ್ಟು ಉಬ್ಬಸ, ಅಷ್ಟೆ.

ಹೋದ ವರ್ಷ ದೊಡ್ಡಯ್ಯನ ಅಕ್ಕನ ಮಗಳು ಶಿವರಂಜಿನಿ ಮನೆಗೆ ಬಂದಳು. ಅವಳು ಪಂಚಾಯಿತಿ ಸದಸ್ಯೆ.

"ಮಾವ, ಭವನನ ಒಸಿ ಒಸಿಯಾಗಿ ಸರಿ ಮಾಡನ. ಈ ವರ್ಸ ಶೀಟಿಗೆ ಬಿಸ್ಲು ತಡೆಯೋ ಬಿಳಿ ಬಣ್ಣ, ಎಲ್‌ಇಡಿ ಬಲ್ಬು, ಕರೆಂಟ್ ಉಳ್ಸೋ ಫ್ಯಾನು. ಹೊಗೆ ಒಳಗೆ ಬರ್ದಂಗೆ ಜನರೇಟರ್‌ನ ದೂರ ಮಡಗನ. ಮುಂದಿನ್ ವರ್ಸ ಗಾಳಿ ಆಡಂಗೆ ಕಿಟಕಿ. ಆಮೇಲೆ ಸೋಲಾರು."

"ದುಡ್ಡು ಯಾರ್ ಕೊಟ್ಟಾರು?"

"ಮೊದಲ್ನೇ ಕೆಲ್ಸಕ್ಕೆ ಪಂಚಾಯ್ತೀಲಿ ಕೇಳನ, ಭವನದ ಬಾಡ್ಗೇಲಿ ಒಸಿ ಹಾಕನ. ಆಮೇಲೆ ಕರೆಂಟ್ ಬಿಲ್ಲಲ್ಲಿ ಉಳ್ದದ್ದ ಬೇರೆ ಖಾತೇಲಿ ಇಟ್ರೆ ಮುಂದಿನ್ ಕೆಲ್ಸಕ್ಕಾಯ್ತದೆ."

ದೊಡ್ಡಯ್ಯ ನಕ್ಕ. "ಅರ್ಧಂಬರ್ಧ ಕೆಲ್ಸ ನಂಗಾಗಕಿಲ್ಲ ಕಣಮ್ಮಿ. ದೊಡ್ಡ ಗ್ರಾಂಟ್ ಬರ್ಲಿ, ಎಲ್ಲಾನೂ ಒಂದೇ ಸಲ ಮಾಡ್ಬುಡನ. ನಮ್ ಒಂದ್ ಭವನದ ಹೊಗೇಲಿ ಲೋಕ ಕೆಟ್ಟೋದದಾ?"

"ಊರೂರಲ್ಲೂ ಒಂದ್ ಭವನ ಐತೆ ಮಾವ. ಎಲ್ರೂ ಇಂಗೇ ಅಂದ್ರೆ? ನಾವ್ ಸುಡೋ ಡೀಸೆಲ್ಲು, ಕಲ್ಲಿದ್ದಲು ಸುಟ್ಟು ಮಾಡೋ ಕರೆಂಟು, ಎರಡ್ರಿಂದ್ಲೂ ಇಂಗಾಲ ಗಾಳಿಗೆ ಸೇರ್ತದೆ. ಬಿಸ್ಲು ವರ್ಸವರ್ಸ ಏರ್ತಿರದು ಅದ್ಕೇಯ."

"ನೋಡನ ಬುಡು," ಅಂದ ದೊಡ್ಡಯ್ಯ. ಗ್ರಾಂಟು ಬರಲಿಲ್ಲ.

ಈ ಸಲದ ಮೇ ತಿಂಗಳಲ್ಲಿ ಅವನ ತಮ್ಮನ ಮಗಳು ಪ್ರಿಯಾಂಕಳ ಮದುವೆ. ಧಾರೆ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಹಾಕಿದರು. ಮೇಲೆ ಶೀಟಿನ ಕಾವು, ಕಿಟಕಿಯಿಂದ ಹೊಗೆ. ಸೋಬಾನೆ ಹೇಳುತ್ತಿದ್ದ ಮಲ್ಲಿಗಮ್ಮ ಕೆಮ್ಮಿದಳು. ಸೆರಗು ಬಾಯಿಗೆ ಒತ್ತಿಕೊಂಡು ಮತ್ತೆ ಹಾಡಲು ನೋಡಿದಳು, ಆಗಲಿಲ್ಲ. ತುಟಿ ಕಪ್ಪಿಟ್ಟು ಗೋಡೆಗೆ ಒರಗಿದಳು.

ಗುಂಡ್ಲುಪೇಟೆಗೆ ಕರೆದೊಯ್ದರು, ಅಲ್ಲಿಂದ ಚಾಮರಾಜನಗರಕ್ಕೆ. ಜೀವ ಉಳಿಯಿತು. "ಮೊದಲೇ ಸೋತ ಶ್ವಾಸಕೋಶ. ಹೊಗೆಯಿಂದ ಇನ್ನೂ ಹಾಳಾಗಿದೆ," ಅಂದರು ಡಾಕ್ಟರು.

ಆಷಾಢ ಕಳೆದ ಮೇಲೆ ಪಕ್ಕದ ಬೀದಿಯ ಪುಟ್ಟಮಲ್ಲಮ್ಮ ಮಗನ ಮದುವೆಗೆ ಕರೆಯಲು ಬಂದಳು. "ನೀನೇ ಪದ ಯೇಳ್ಬೇಕು ಕಣಕ್ಕ," ಅಂದಳು.

"ಉಸ್ರು ಸಾಲಕಿಲ್ಲ ಕಣವ್ವ," ಅಂದು ಮಲ್ಲಿಗಮ್ಮ ಎದ್ದು ಒಳಗೆ ಹೋದಳು.

ಜಗಲಿಯಲ್ಲಿದ್ದ ದೊಡ್ಡಯ್ಯ ಇದನ್ನು ಕೇಳಿಸಿಕೊಂಡ. ಅಂದೇ ಶಿವರಂಜಿನಿಯ ಮನೆಗೆ ಹೋದ.

"ನೀ ಯೇಳ್ದಾಗ್ಲೇ ಶುರು ಮಾಡಿದ್ರೆ ಅವಳಿಗೆ ಇಂಗಾಯ್ತಿತ್ತಾ ಅಮ್ಮಿ?"

ಶಿವರಂಜಿನಿ ಸುಳ್ಳು ಹೇಳಲಿಲ್ಲ. "ಸೋಲಾರು ಇಷ್ಟೊತ್ಗೆ ಬತ್ತಿರ್ಲಿಲ್ಲ ಮಾವ. ಆದ್ರೆ ಒಳಗೆ ಅಷ್ಟು ಕಾವು ಇರ್ತಿರ್ಲಿಲ್ಲ. ಜನರೇಟರ್‌ನ ಕಿಟಕಿಯಿಂದ ದೂರ ಮಡಗಿರ್ತಿದ್ವಿ."

"ದೂರ ಮಡಗಕ್ಕೆ ಯಾವ ಗ್ರಾಂಟೂ ಬೇಕಿರ್ಲಿಲ್ಲ," ಅಂದ ದೊಡ್ಡಯ್ಯ.

ಸಮಿತಿ ಸೇರಿಸಿ ಮೊದಲ ವರ್ಷದ ಕೆಲಸಕ್ಕೆ ಒಪ್ಪಿಸಿದವನೂ ಅವನೇ. ಈಗ ಶೀಟು ಬೆಳ್ಳಗಿದೆ. ಬಲ್ಬು, ಫ್ಯಾನು ಹೊಸವು. ಜನರೇಟರ್ ದೂರದ ಮೂಲೆಗೆ ಹೋಗಿದೆ. ಉಳಿತಾಯ ಬೇರೆ ಖಾತೆಗೆ ಬೀಳುತ್ತಿದೆ, ಮುಂದಿನ ವರ್ಷ ಕಿಟಕಿ ಕೆಲಸ. ಸೋಲಾರು ಬಂದ ದಿನ ಜನರೇಟರ್ ಮಾರುವುದೆಂದು ತೀರ್ಮಾನವಾಗಿದೆ. "ಭವನ ತಂಪಾಗೈತೆ ಕಣ ದೊಡ್ಡಯ್ಯ," ಎಂದು ಯಾರಾದರೂ ಅಂದರೆ ಅವನು ತಲೆಯಾಡಿಸುತ್ತಾನೆ, ಮುಖ ಮಾತ್ರ ಅರಳುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಭವನವನ್ನು ಒಮ್ಮೆ ಹೋಗಿ ನೋಡಿ. ಎಲ್ಲ ಒಟ್ಟಿಗೆ ಆಗಲಿ ಎಂದು ಕಾಯಬೇಡಿ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಈ ವರ್ಷ ಯಾವ ಕೆಲಸದಿಂದ ಶುರು ಮಾಡೋಣ?