ಮಾತು ಕಂಪನಿಯದು, ಗಂಟಲು ಪಾಲಣ್ಣನದು

ಪಬ್ಲಿಕ್ ರಿಲೇಶನ್ಸ್ ಎಂಬ ವಿದ್ಯೆಯನ್ನು ಕಂಡುಹಿಡಿದವನು ನಾನು. ಅಮೆರಿಕದವರು ತಮ್ಮದು ಎನ್ನುತ್ತಾರೆ. ಅನ್ನಲಿ, ಪಾಪ, ದೂರದವರು. ನಾನು ಅದನ್ನು ಕಂಡುಹಿಡಿದದ್ದು ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲಿ, ನಲವತ್ತು ವರ್ಷಗಳ ಹಿಂದೆ, ಕೈಯಲ್ಲಿದ್ದ ಟೀ ಆರುವುದರೊಳಗೆ. ಯಾರದೋ ಎಮ್ಮೆ ಕಳೆದಿತ್ತು. ನಾನು ಮೈಕ್ ಹಿಡಿದು ಅದರ ಬಣ್ಣ, ಕೊಂಬಿನ ತಿರುವು, ಹಣೆಯ ಮೇಲಿನ ಬಿಳಿ ಚುಕ್ಕೆ ಎಲ್ಲವನ್ನೂ ಸಾರಿದೆ. ಎಮ್ಮೆ ಆಗ ಹೊಳಲ್ಕೆರೆ ಹತ್ತಿರ ಮೇಯುತ್ತಿತ್ತು. ನನ್ನ ಧ್ವನಿ ಅಲ್ಲಿಯವರೆಗೆ ಹೋಯಿತು. ಓಹೋ, ಇದು ನನ್ನದೇ ವಿಷಯ ಎಂದು ಅದು ತಲೆಯೆತ್ತಿ, ದಾರಿಯಲ್ಲಿ ಯಾರನ್ನೂ ಕೇಳದೆ ನಡೆದು, ಸಂಜೆ ಹಾಲು ಕರೆಯುವ ಹೊತ್ತಿಗೆ ಒಡೆಯನ ಮನೆ ಬಾಗಿಲಲ್ಲಿ ನಿಂತಿತ್ತು.

ಅವತ್ತಿನಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ತಾಲ್ಲೂಕಿನಲ್ಲಿ ಮೈಕ್ ಪಾಲಣ್ಣ ಎಂದರೆ ನಾನೇ. ಲಸಿಕೆ ಶಿಬಿರ, ಸೀರೆ ರಿಯಾಯಿತಿ, ಕರೆಂಟ್ ನಿಲುಗಡೆ, ಪಂಚಾಯ್ತಿ ನೀರಿನ ಸರದಿ, ಎಲ್ಲವೂ ನನ್ನ ಬಾಯಿಂದಲೇ ಬರಬೇಕು. ಗುಡ್ಡದ ಮೇಲೆ ಕರೆಂಟ್ ತೆಗೆಯುವ ಗಾಳಿ ಫ್ಯಾನುಗಳು ತಿರುಗುವುದು ಗಾಳಿಗೆ ಎಂದುಕೊಂಡಿದ್ದೀರಿ. ನಾನು ಆಟೋದಲ್ಲಿ ಕೂತು ಉಸಿರು ಬಿಟ್ಟ ದಿನ ಬಂದು ನೋಡಿ.

ಈ ಕೆಲಸದ ಪಾಠ ನನಗೆ ಹೇಳಿಕೊಟ್ಟವರು ನಮ್ಮೂರಿನಲ್ಲಿ ಡಂಗುರ ಸಾರುತ್ತಿದ್ದ ಬೋರಪ್ಪಜ್ಜ. ಅವರ ಪಾಠ ಒಂದೇ ಸಾಲು. ಏನನ್ನೇ ಸಾರುವ ಮೊದಲು ಅದು ಯಾರ ಮಾತು ಎಂದು ಹೇಳಬೇಕು. "ಯಾರ ಜೊತೆ ಜಗಳ ಆಡ್ಬೇಕು ಅನ್ನೋದು ಜನಕ್ಕೆ ಗೊತ್ತಿರ್ಬೇಕಲ್ಲಪ್ಪ. ಇಲ್ಲಾಂದ್ರೆ ನಿನ್ನನ್ನೇ ಹಿಡ್ಕಂತಾರೆ," ಎನ್ನುತ್ತಿದ್ದರು. ಹಾಗಾಗಿ ನಲವತ್ತು ವರ್ಷ ನನ್ನ ಪ್ರಚಾರ ಶುರುವಾಗುತ್ತಿದ್ದದ್ದು ಹೀಗೆ: ಮಾತು ಪಂಚಾಯ್ತಿಯದು, ಗಂಟಲು ಪಾಲಣ್ಣಂದು. ಮಾತು ಸೀರೆ ಅಂಗಡಿಯದು, ಗಂಟಲು ಪಾಲಣ್ಣಂದು. ಆಮೇಲೆ ವಿಷಯ. ಕುರಿ ಕಾಯುವ ಹುಡುಗರೂ ಅದನ್ನು ಅಣಕಿಸಿ ಹೇಳುತ್ತಿದ್ದರು.

ಹೋದ ವರ್ಷ ಚಿತ್ರದುರ್ಗದಿಂದ ಸ್ವಾತಿ ಎಂಬಾಕೆ ಫೋನ್ ಮಾಡಿದಳು. ಹಿರಿಯೂರಿನ ಹುಡುಗಿ, ಮಾರ್ಕೆಟಿಂಗ್ ಓದಿಕೊಂಡು ಬಂದು ಸ್ವಂತ ಏಜೆನ್ಸಿ ತೆರೆದಿದ್ದಳು. ಮಂಡಿನೋವಿನ ಎಣ್ಣೆ ಮಾಡುವ ಹೊಸ ಕಂಪನಿಯೊಂದು ಅವಳ ಕೈಗೆ ಬಂದಿತ್ತು. ಎಸಿ ಹಾಕಿದ ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ಮುಂದೆ ಮೈಕ್ ಇಟ್ಟು, ರೆಕಾರ್ಡಿಂಗಿಗೆ ಮೊದಲು ಈ ವಿದ್ಯೆಯ ಚರಿತ್ರೆ ಹೇಳಿದಳು. ಅದನ್ನು ಕಂಡುಹಿಡಿದವನಿಗೇ.

"ಅಂಕಲ್, ನೂರು ವರ್ಷದ ಮೇಲಾಯ್ತು. ಅಮೆರಿಕದಾಗೆ ಒಬ್ಬಾತ ಇದ್ದ. ಕಲ್ಲಿದ್ದಲು ಗಣಿಯವರು, ರೈಲಿನವರು, ಇವರ ಪರವಾಗಿ ಪೇಪರಿಗೆ ಸುದ್ದಿ ಕೊಡೋನು. ನಾವು ಇಂಥವರ ಪರವಾಗಿ ಹೇಳ್ತಿದೀವಿ, ಮುಚ್ಚುಮರೆ ಇಲ್ಲ, ಅನುಮಾನ ಬಂದ್ರೆ ವಿಚಾರಿಸ್ಕಳಿ ಅಂತ ಬರೆದು ಹಂಚಿದ."

"ನಮ್ಮ ಬೋರಪ್ಪಜ್ಜನ ಮೊಮ್ಮಗ ಇರ್ಬೇಕು," ಎಂದೆ.

"ಆಮೇಲೆ ಇನ್ನೊಬ್ಬ ಬಂದ. ಅವನಿಗೆ ಹಂದಿಮಾಂಸದ ಕಂಪನಿಯ ಕೆಲಸ. ಮಾಂಸ ತಗಳ್ರಿ ಅಂತ ಅವ್ನು ಕೂಗ್ಲಿಲ್ಲ. ಬೆಳಗಿನ ತಿಂಡಿ ಗಟ್ಟಿಯಾಗಿರ್ಬೇಕು ಅಂತ ಸಾವಿರಾರು ಡಾಕ್ಟರುಗಳ ಕೈಲಿ ಹೇಳಿಸಿ ಪೇಪರಿಗೆ ಹಾಕ್ಸಿದ. ಕಂಪನಿ ಎಲ್ಲೋ ಹಿಂದೆ ನಿಂತಿತ್ತು. ಜನ ತಾವೇ ಹೋಗಿ ತಗಂಡ್ರು. ಈಗಿನ ರೀಲ್ಸು, ರಿವ್ಯೂ, ನಾನು ಬಳಸಿದೆ ನೀವೂ ಬಳಸಿ ಅನ್ನೋರು, ಎಲ್ಲಾ ಅವನ ಮಕ್ಕಳೇ."

"ಹಂಗಾರೆ ನಾನು ಯಾರ ಮಗ?"

"ನೀವು ಮೊದಲನೇವ್ನ ಕಡೆಯವ್ರು, ಅಂಕಲ್," ಎಂದು ನಕ್ಕಳು.

ರೆಕಾರ್ಡಿಂಗ್ ಆಯಿತು. ಅದರಲ್ಲಿ 'ಮಾತು ಕಂಪನಿಯದು' ಎಂಬ ಸಾಲು ಇರಲಿಲ್ಲ. ಸ್ವಾತಿ ತೆಗೆಸಿದಳು ಎಂದು ನಾನು ಆಮೇಲೆ ಹೇಳುತ್ತಿದ್ದೆ. ಇದ್ದದ್ದು ಇಷ್ಟು: "ನಾನು ಪಾಲಣ್ಣ. ಬಲ ಮಂಡಿ ಹಿಡ್ಕೊಂಡು ಮೂಲೆಗೆ ಬಿದ್ದಿದ್ದೆ. ಈ ಎಣ್ಣೆ ಹಚ್ಚಿದೆ. ಇಪ್ಪತ್ತೊಂದನೇ ದಿನ ಚಿತ್ರದುರ್ಗದ ಕೋಟೆ ಹತ್ತಿದೆ. ಕೋತಿಗಳು ಸುಸ್ತಾಗಿ ಹಿಂದೆ ಉಳಿದವು." ಅದನ್ನು ಹನ್ನೊಂದು ಆಟೋಗಳಿಗೆ ತುಂಬಿ ನಾಲ್ಕು ತಾಲ್ಲೂಕಿಗೆ ಬಿಟ್ಟರು. ಫೋನುಗಳಲ್ಲೂ ನಾನೇ. ಅಂಗಡಿಗಳಲ್ಲಿ ಎಣ್ಣೆ ನಿಲ್ಲಲಿಲ್ಲ.

ನನ್ನ ಸಂಕಟ ಶುರುವಾದದ್ದು ಅಲ್ಲಿಂದ. ಮಂಡಿ ನಿಜವಾಗಿ ಹಿಡಿದುಕೊಂಡಿತ್ತು. ಎಣ್ಣೆ ಹಚ್ಚಿದ್ದೂ ನಿಜ. ನೋವು ಬಿಟ್ಟಿರಲಿಲ್ಲ, ಅಷ್ಟೇ.

ಕೋಟೆ ಹತ್ತಿದವನು ಕುಂಟುವಂತಿಲ್ಲ. ನಾಲ್ಕು ತಾಲ್ಲೂಕಿನಲ್ಲಿ ಎಲ್ಲೂ ಕುಂಟುವಂತಿಲ್ಲ. ನಾನು ಆಟೋದಿಂದ ಇಳಿಯುವುದನ್ನೇ ಬಿಟ್ಟೆ. ಟೀ ಆಟೋಕ್ಕೇ ಬರಬೇಕು. ನನ್ನ ಆಟೋ ಓಡಿಸುವ ಮಾರುತೇಶ್ ಜನವಿಲ್ಲದ ಜಾಲಿ ಪೊದೆ ಹುಡುಕಿ ನಿಲ್ಲಿಸಿದರೆ ಮಾತ್ರ ಕೆಳಗೆ ಕಾಲಿಡುತ್ತಿದ್ದೆ. ನೆಲದ ಮೇಲೆ ಪಂಕ್ತಿ ಹಾಕುವ ಮದುವೆಗಳಿಗೆ ಉಪವಾಸ ಎಂದು ಹೇಳಿದೆ. ವಾರದಲ್ಲಿ ಐದು ದಿನ ಉಪವಾಸ ಮಾಡುತ್ತಾನೆ ಎಂದು ನನಗೆ ಭಕ್ತನೆಂಬ ಹೆಸರೂ ಬಂತು. ದುರ್ಗದ ಆಸ್ಪತ್ರೆಗೆ ಹೋದರೆ ನರ್ಸಮ್ಮ ಗುರುತು ಹಿಡಿದು, "ಅಯ್ಯೋ, ಎಣ್ಣೆ ಅಣ್ಣ. ಯಾರನ್ನ ನೋಡಕ್ಕೆ ಬಂದ್ರಿ?" ಎಂದಳು. ಯಾರನ್ನೋ ನೋಡಲು ಬಂದವನಂತೆ ಒಂದು ಸುತ್ತು ಹಾಕಿ ಬಂದೆ. ಆಮೇಲೆ ನೋವಿನ ಗುಳಿಗೆಗೆ ಜವನಗೊಂಡನಹಳ್ಳಿ ದಾಟಿ ಶಿರಾಕ್ಕೆ ಹೋಗುತ್ತಿದ್ದೆ, ತಲೆಗೆ ಟವೆಲ್ ಸುತ್ತಿಕೊಂಡು.

ಒಂದು ದಿನ ಹಿರಿಯೂರಿನ ಸರ್ಕಲ್ಲಿನಲ್ಲಿ ನನ್ನ ಆಟೋ ನಿಂತಿತ್ತು. ಪಕ್ಕದಿಂದ ಇನ್ನೊಂದು ಆಟೋ ನನ್ನ ಧ್ವನಿಯನ್ನೇ ಕೂಗಿಕೊಂಡು ಹೋಯಿತು. ನಾನು ಕಾಲು ನೀವಿಕೊಳ್ಳುತ್ತಿದ್ದೆ. ಅದರೊಳಗಿನ ನಾನು ಕೋಟೆ ಹತ್ತುತ್ತಿದ್ದೆ.

"ಅಣ್ಣ, ನೀನು ಅಲ್ಲಿ ಚೆನ್ನಾಗಿದೀಯ," ಎಂದ ಮಾರುತೇಶ್.

"ಲೇ, ಸುಮ್ನೆ ಓಡಿಸು."

ಮೊನ್ನೆ ಭಾನುವಾರ ಮಾಡದಕೆರೆಗೆ ಹೋಗಿದ್ದೆವು. ಊರಾಚೆ ಕುರಿ ಕೂಡುವ ರೊಪ್ಪದ ಹತ್ತಿರ ಒಬ್ಬ ಹೆಂಗಸು ರಸ್ತೆಗೆ ಅಡ್ಡ ನಿಂತು ಆಟೋ ನಿಲ್ಲಿಸಿದಳು. ಹೆಸರು ನೇತ್ರಾವತಿ ಎಂದಳು.

"ಅಣ್ಣ, ನಮ್ಮತ್ತೆ ಕಾಳಕ್ಕ ಅಂತ. ನಿಮ್ಮನ್ನ ನೋಡ್ಬೇಕಂತೆ. ಒಳಗೆ ಬರ್ರಿ."

"ಇಲ್ಲಿಂದ್ಲೇ ಮಾತಾಡ್ತೀನಮ್ಮ. ಟೈಮಿಲ್ಲ."

"ಅವ್ಳಿಗೆ ನಡೆಯಾಕಾಗಲ್ಲ. ನಿಮಗೆ ಆಗುತ್ತಲ್ಲ."

ಇಳಿದೆ. ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯನ್ನು ನಾನು ಹೇಗೆ ನಡೆದೆ ಎಂದರೆ, ಮಿಲಿಟರಿಯವರು ನೋಡಿದ್ದರೆ ಅಲ್ಲೇ ಕೆಲಸ ಕೊಡುತ್ತಿದ್ದರು. ಬೆನ್ನೆಲ್ಲ ಬೆವರಾಯಿತು.

ಕಾಳಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಎರಡೂ ಮಂಡಿ ಊದಿದ್ದವು. ನೇತ್ರಾವತಿ ಒಳಗಿನಿಂದ ಕರಿ ಕಂಬಳಿ ತಂದು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿದಳು. ಕುರಿ ಸಾಕುವ ಮನೆಗಳಲ್ಲಿ ಬಂದವರಿಗೆ ಮಾಡುವ ಮರ್ಯಾದೆ ಅದು. ಕಂಬಳಿ ಹಾಸಿದ ಮೇಲೆ ನಿಂತುಕೊಂಡೇ ಇರುವುದು ಮನೆಯವರಿಗೆ ಅವಮಾನ.

"ಕುಂತ್ಕಳ್ರಿ," ಎಂದಳು ಕಾಳಕ್ಕ.

ಗೋಡೆ ಹಿಡಿದು ಕೂತೆ. ಕೂರುವುದು ಕಷ್ಟವಲ್ಲ, ಅರ್ಧ ದಾರಿ ಭೂಮಿಯೇ ಎಳೆದುಕೊಳ್ಳುತ್ತದೆ. ಕೂತ ಮೇಲೆ ಮಂಡಿ ಒಳಗೆ ಏನೋ ಟಕ್ ಎಂದಿತು. ಬೀಗ ಬಿದ್ದ ಹಾಗೆ.

ನೇತ್ರಾವತಿ ಬಾಗಿಲಲ್ಲಿ ನಿಂತೇ ಮಾತಾಡಿದಳು. "ಅಣ್ಣ, ದುರ್ಗದ ಆಸ್ಪತ್ರೇಲಿ ಮಂಡಿ ಆಪರೇಷನ್ನಿಗೆ ಬರ್ಕೊಂಡು ಒಂದೂವರೆ ವರ್ಷ ಕಾದೀವಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಡ್ಮಿಟ್ ಆಗ್ಬೇಕು. ತಪ್ಪಿದ್ರೆ ಮತ್ತೆ ಸಾಲಿನ ಕೊನೆಗೆ ಹಾಕ್ತಾರೆ. ಇವ್ಳು ಹೋಗಲ್ಲ ಅಂತ ಕುಂತವ್ಳೆ. ನಿಮ್ಮ ಎಣ್ಣೆ ಸಾಕಂತೆ."

"ಎಷ್ಟು ದಿನದಿಂದ ಹಚ್ತಿದೀಯಕ್ಕ?" ಎಂದು ಕೇಳಿದೆ.

"ಐವತ್ತು ದಿನ ಆತು. ನಿಂಗೆ ಇಪ್ಪತ್ತೊಂದಕ್ಕೇ ಬಿಡ್ತು ಅಂತೀಯ. ನಾನು ಹಚ್ಚೋದ್ರಾಗೆ ಏನೋ ತಪ್ಪೈತೆ. ಅದನ್ನ ಕೇಳಾಣ ಅಂತ ಕರ್ಸಿದೆ."

"ಅಕ್ಕ, ಡಾಕ್ಟ್ರು ಹೇಳಿದಾಗ ಆಪರೇಷನ್..."

"ಡಾಕ್ಟ್ರು ಹೇಳ್ತಾರೆ, ಅಂಗಡಿಯವ್ರು ಹೇಳ್ತಾರೆ. ನಾನು ಯಾರನ್ನೂ ನಂಬೋಳಲ್ಲ. ನೀನು ನಲವತ್ತು ವರ್ಷದಿಂದ ಏನೇ ಕೂಗಿದ್ರೂ ಮೊದ್ಲು ಮಾತು ಇಂಥವ್ರದು ಅಂತೀಯ. ಅಂಗಡೀದು ಅಂದ್ರೆ ನಾವು ಅರ್ಧ ತಳ್ಳಿಬಿಡ್ತೀವಿ. ಈ ಸಲ ಅನ್ಲಿಲ್ಲ. ರೊಪ್ಪದಾಗೆ ಕುಂತು ಕಿವಿಗೊಟ್ಟು ಕೇಳ್ದೆ, ಮೂರು ಸಲ. ಯಾರ ಮಾತು ಅಂತ ಹೇಳ್ಲೇ ಇಲ್ಲ. ಅಂದ್ರೆ ಇದು ಪಾಲಣ್ಣನ ಸ್ವಂತ ಮಾತು ಅಂತಾತಲ್ಲ."

ಸ್ವಾತಿ ಎಷ್ಟು ಓದಿದ್ದರೂ ಈ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

"ಎದ್ದು ನಿಂತು ತೋರ್ಸು. ಎಲ್ಲಿ ಹಚ್ತೀಯ, ಹೆಂಗೆ ಮಡಚ್ತೀಯ, ನೋಡಾಣ," ಎಂದಳು ಕಾಳಕ್ಕ.

"ಕಂಬಳಿ ಬೆಚ್ಚಗೈತೆ ಅಕ್ಕ. ಇನ್ನೊಂಚೂರು ಕುಂತಿರ್ತೀನಿ."

"ಈ ಬಿಸ್ಲಾಗೆ?"

"ಮಜ್ಜಿಗೆ ಕುಡಿದು ಏಳ್ತೀನಿ."

ಮಜ್ಜಿಗೆ ಬಂತು. ಕುಡಿದೆ. ಇನ್ನೊಂದು ಲೋಟ ಕೇಳಿದೆ. ಅದನ್ನೂ ಕುಡಿದೆ. ಒಂದು ಸಲ ಗೋಡೆಗೆ ಕೈಕೊಟ್ಟು ನೋಡಿದೆ, ಕಾಲು ನನ್ನದಲ್ಲ ಎಂಬಂತೆ ಬಿದ್ದಿತ್ತು. ಅಷ್ಟರಲ್ಲಿ ಹೊರಗೆ ಕಾದು ಬೇಸತ್ತ ಮಾರುತೇಶ್ ಸುಮ್ಮನೆ ಯಾಕಿರಬೇಕು ಎಂದು ರೆಕಾರ್ಡಿಂಗ್ ಹಾಕಿದ. ಹೆಂಚಿನ ಮನೆ ನಡುಗುವ ಹಾಗೆ ನನ್ನ ಧ್ವನಿ ಒಳಗೆ ನುಗ್ಗಿತು. ಇಪ್ಪತ್ತೊಂದನೇ ದಿನ ಚಿತ್ರದುರ್ಗದ ಕೋಟೆ ಹತ್ತಿದೆ.

ಕಾಳಕ್ಕ ಬಾಗಿಲ ಕಡೆ ನೋಡಿದಳು. ನೆಲದ ಮೇಲೆ ಬಿದ್ದಿದ್ದ ನನ್ನ ಕಾಲನ್ನು ನೋಡಿದಳು. ಕೋತಿಗಳು ಹಿಂದೆ ಉಳಿಯುವವರೆಗೂ ಕೇಳಿಸಿಕೊಂಡಳು.

"ಏನಪ್ಪ, ಇದು ಯಾರ ಮಾತು?"

"ಕಂಪನೀದು, ಅಕ್ಕ."

"ಗಂಟ್ಲು?"

"ನಂದು."

"ಮಂಡಿ?"

"ನಂದೇ. ವಾಸಿ ಆಗಿಲ್ಲ. ಎದ್ದೇಳಾಕಾಗ್ತಿಲ್ಲ. ಕೋಟೆ ಬಾಗ್ಲತಂಕ ಹೋಗಿದ್ದೆ, ಆಟೋದಾಗೆ. ಇಳೀಲಿಲ್ಲ."

ನೇತ್ರಾವತಿ ಸೆರಗು ಬಾಯಿಗೆ ಹಿಡಿದಳು. ನಕ್ಕಳೋ ಬೈದಳೋ ತಿಳಿಯಲಿಲ್ಲ.

"ಕಂಪನಿಯವ್ರು ಹಂಗೆ ಹೇಳು ಅಂದ್ರಾ?" ಎಂದು ಕಾಳಕ್ಕ ಕೇಳಿದಳು.

ಸ್ವಾತಿಯ ಮೇಲೆ ಹಾಕಿಬಿಡಬಹುದಿತ್ತು. ಅಭ್ಯಾಸವೂ ಆಗಿತ್ತು. "ಇಲ್ಲ. ಅವ್ರ ಕಡೆ ಹುಡ್ಗಿ ಬರ್ಕೊಟ್ಟ ಹಾಳೇಲಿ ಮಾತು ಕಂಪನೀದು ಅಂತ ಮೊದ್ಲ ಸಾಲೇ ಇತ್ತು. ಕೆಲವ್ರಿಗೆ ನೋವು ಕಮ್ಮಿ ಆಗ್ಬಹುದು ಅಂತಷ್ಟೇ ಇತ್ತು. ಕಂಪನೀನ ಹಿಂದೆ ನಿಲ್ಸಿ ಮಾಂಸ ಮಾರಿದೋನ ಕತೆ ಅವ್ಳು ಹೇಳಿದ್ಳು, ಅವನಿಗಿಂತ ದೊಡ್ಡೋನಾಗ್ತೀನಿ ಅಂತ ನಾನೇ ಆ ಸಾಲು ನುಂಗ್ದೆ. ಕೋಟೆ ನಾನೇ ಸೇರಿಸ್ದೆ. ಕೋತಿನೂ. ಅವ್ಳು ಬ್ಯಾಡ ಅನ್ಲಿಲ್ಲ, ಅಷ್ಟೇ."

ಕಾಳಕ್ಕ ಎಣ್ಣೆ ಬಾಟಲಿಯನ್ನು ಮಂಚದ ಕೆಳಗೆ ತಳ್ಳಿದಳು. ಆಮೇಲೆ ಸೊಸೆಗೆ, "ಆಸ್ಪತ್ರೆ ಕಾಗ್ದ ತೆಗ್ದಿಡು," ಎಂದಳು. ನನಗೆ, "ನಾಳೆ ನಿನ್ನ ಆಟೋದಾಗೇ ಹೋಗಾಣ. ನೀನೂ ಬಾ. ಡಾಕ್ಟ್ರಿಗೆ ತೋರ್ಸು. ಈಗ ಆ ಮೈಕ್ ತರ್ಸು. ಇನ್ನೂ ನಾಕು ಮನ್ಯಾಗೆ ಎಣ್ಣೆ ಹಚ್ಕಂಡು ಕುಂತವ್ರೆ."

ಮಾರುತೇಶ್ ವೈರ್ ಇಲ್ಲದ ಮೈಕ್ ತಂದುಕೊಟ್ಟ. ನನ್ನನ್ನು ನೋಡಿ, "ಎಬ್ಬಿಸ್ಲಾ ಅಣ್ಣ?" ಎಂದ. ಬೇಡ ಎಂದೆ. ಕಂಬಳಿಯ ಮೇಲೆ ಕೂತೇ ಮೈಕ್ ಬಾಯಿಗೆ ಹಿಡಿದೆ. ಮೊದಲ ಸಾಲು ಬಾಯಿಗೆ ಬಂತು, ಎಂದೂ ಹೇಳದ ರೀತಿಯಲ್ಲಿ: "ಮಾತು ಪಾಲಣ್ಣಂದು, ಗಂಟಲು ಪಾಲಣ್ಣಂದು. ನನ್ನ ಮಂಡಿ ವಾಸಿ ಆಗಿಲ್ಲ. ನಾನು ಕೋಟೆ ಹತ್ತಿಲ್ಲ. ಡಾಕ್ಟ್ರು ಕರೆದೋರು ಹೋಗಿ ಬರ್ರಿ." ಅಷ್ಟೇ. ಅದಕ್ಕಿಂತ ಚಿಕ್ಕ ಪ್ರಚಾರ ನಾನು ಮಾಡಿಲ್ಲ. ಸ್ವಾತಿಗೆ ಫೋನ್ ಮಾಡಿ ನಿಲ್ಲಿಸು ಎಂದೆ. ಕಂಪನಿಯವರನ್ನು ಕೇಳಬೇಕು ಎಂದಳು. ಅಷ್ಟು ಹೊತ್ತೂ ಉಳಿದ ಹತ್ತು ಆಟೋಗಳಲ್ಲಿ ನಾನು ಕೋಟೆ ಹತ್ತುತ್ತಲೇ ಇದ್ದೆ.

ಮಾರುತೇಶ್ ಕಂಕುಳಿಗೆ ಕೈಕೊಟ್ಟು ಎಬ್ಬಿಸುವಾಗ ಕಾಳಕ್ಕ ಕೇಳಿದಳು: "ಆ ಎಮ್ಮೆ ಕತೆ ಹೇಳ್ಕಂಡು ತಿರುಗ್ತೀಯಲ್ಲ. ನಿನ್ನ ಧ್ವನಿ ಕೇಳಿ ಹೊಳಲ್ಕೆರೆಯಿಂದ ತಾನೇ ನಡ್ಕೊಂಡು ಬಂತು ಅಂತ."

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಇಷ್ಟಾದ ಮೇಲೆ ಅದೊಂದನ್ನು ಇಟ್ಟುಕೊಂಡು ಏನು ಮಾಡಲಿ. "ಸಿಗ್ಲಿಲ್ಲ ಅಕ್ಕ. ಮೂರು ದಿನ ಕೂಗ್ದೆ. ಎಮ್ಮೆ ಬರ್ಲೇ ಇಲ್ಲ."

"ನಂಗೊತ್ತು," ಎಂದಳು ಕಾಳಕ್ಕ. "ಅದು ನಮ್ಮಪ್ಪನ ಎಮ್ಮೆ."