ಉದ್ಯಾನದ ಹೆಸರುಗಲ್ಲುಗಳು

ತಾಂಡೂರಿನ ಹಳ್ಳದ ದಂಡೆಯಲ್ಲಿ ಉದ್ಯಾನವೊಂದು ಎದ್ದಿತು. ಎದ್ದಿತು ಎನ್ನುವುದಕ್ಕಿಂತ ಇಳಿಯಿತು ಎನ್ನಬೇಕು. ಬೀದಿಗಿಂತ ಎದೆಮಟ್ಟ ತಗ್ಗಿನಲ್ಲಿತ್ತು. ಜಡಿಮಳೆಯಲ್ಲಿ ಬೀದಿಯ ನೀರು ಅಲ್ಲಿಗಿಳಿದು ನಿಲ್ಲಲಿ, ಮನೆಗಳು ಉಳಿಯಲಿ ಎಂದು ಇಂಜಿನಿಯರ್ ಶೈಲಶ್ರೀ ಬೀದಿಬದಿಯ ಗೋಡೆಯುದ್ದಕ್ಕೂ ಕಿಂಡಿಗಳನ್ನು ಬಿಟ್ಟಿದ್ದಳು.

ಊರೆಲ್ಲ ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರಿಗಳದು. ತೆರೆದ ಕಿಂಡಿ ಕಂಡರೆ ಅವರ ಕೈ ಸುಮ್ಮನಿದ್ದೀತೇ? ತೀರಿಕೊಂಡ ಹಿರಿಯರ ಹೆಸರು ಕೆತ್ತಿಸಿ, ಕಿಂಡಿಗೊಂದರಂತೆ ಕಲ್ಲು ದಾನ ಕೊಟ್ಟು, ಕಿಂಡಿ ಮುಚ್ಚುವಂತೆ ನಿಲ್ಲಿಸಿದರು. ಮೊದಲ ಕಲ್ಲು ಬಂಡೆಪ್ಪನದು. ಅದರ ಮೇಲೆ ಹೋದ ವರ್ಷ ಲಿಂಗೈಕ್ಯಳಾದ ಹೆಂಡತಿ ಸುಗಲಾಬಾಯಿಯ ಹೆಸರು. ದಿನಾ ಲಿಂಗಪೂಜೆ ಮುಗಿಸಿ ಬಂದು ಅದಕ್ಕೆ ವಿಭೂತಿ ಹಚ್ಚುತ್ತಿದ್ದ. ಮನೆಯ ಸುದ್ದಿಯನ್ನೂ ಹೇಳುತ್ತಿದ್ದ.

"ಕಾಕಾ, ಆ ಕಿಂಡಿ ನೀರು ಹೋಗಾಕ ಬಿಟ್ಟಿದ್ದುರಿ," ಎಂದಳು ಶೈಲಶ್ರೀ.

"ನೀರಿಗಿ ಸಾವಿರ ದಾರಿ ಅವ, ಅವ್ವಾ. ನಿಮ್ಮ ಕಾಕೂನ ಹೆಸರಿಗಿ ಇದೊಂದೇ ಜಾಗಾ."

ದಾನಿಗಳ ಸಮಿತಿಯ ಅಧ್ಯಕ್ಷ ಧನರಾಜ ನಕ್ಕ. "ಗ್ವಾಡಿಗಿ ತೂತು ಬಿಟ್ಟು ಪಗಾರ ತಗೊಳ್ಳೋರನ್ನ ಈಗೇ ನೋಡಿದ್ದು!"

ಶ್ರಾವಣದ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಬೀದಿಯಲ್ಲಿ ಮೊಳಕಾಲುದ್ದ ನೀರು. ಉದ್ಯಾನದಲ್ಲಿ ಹುಲ್ಲಿನ ತುದಿಯೂ ಮುಳುಗಿರಲಿಲ್ಲ.

"ನೋಡ್ರಿ, ಉದ್ಯಾನ ಹೆಂಗ ಉಳದದ!" ಧನರಾಜ ನೀರಿನಲ್ಲಿ ನಿಂತೇ ಕೂಗಿದ. "ನಮ್ಮ ಕಲ್ಲಂದ್ರ ಕಲ್ಲು!"

ಬಂಡೆಪ್ಪನ ನೆರೆಮನೆಯ ಮಾಣಿಕಮ್ಮ ಬಾಗಿಲಿಂದ ಅವನನ್ನು ಕೂಗಿ ಚೀರಿದಳು. "ಕಾಕಾ, ನಮ್ಮ ಮನ್ಯಾಗಿನ ಬಾಣಂತಿ ಮಂಚಕ್ಕ ನೀರು ಹತ್ಯಾವರಿ! ಕಾಕೂ ಇದ್ದಿದ್ರ ಈಗ ಏನ್ ಮಾಡ್ತಿದ್ಳು?"

"ನನ್ನ ಬೈತಿದ್ಳು," ಎಂದ ಬಂಡೆಪ್ಪ. ಮನೆಗೆ ಹೋಗಿ ಹಾರೆ ತಂದ. ಕಲ್ಲಿಗೆ ಹಣೆ ಹಚ್ಚಿ, "ಹಾದಿ ಬಿಡು, ಸುಗಲಾ," ಎಂದು ಮೀಟಿದ. ಕಲ್ಲು ಹೆಸರಿನ ನಡುವೆಯೇ ಸೀಳಿತು. ನೀರು ಧೋ ಎಂದು ಉದ್ಯಾನಕ್ಕೆ ಬಿತ್ತು.

ಒಂದು ಕಿಂಡಿಯಿಂದ ಎಷ್ಟು ಇಳಿದೀತು? ಉಳಿದವರು "ಮೊದಲ ನೀವು ತೆಗೀರಿ," "ಛೇ, ನೀವು ಹಿರಿಯರು," ಎಂದು ಮರ್ಯಾದೆ ಮಾಡುತ್ತ ನಿಂತರು. ಸೀಳಿದ ಕಲ್ಲು ಕಂಡು ಕೊನೆಗೆ ಒಬ್ಬೊಬ್ಬರಾಗಿ ಹಾರೆ ಹಿಡಿದರು. ಧನರಾಜ ಮಾತ್ರ ಅಪ್ಪನ ಕಲ್ಲನ್ನು ತಬ್ಬಿಕೊಂಡ.

"ಸಮಿತಿ ಠರಾವು ಆಗೋತನಕ ನಮ್ಮಪ್ಪ ಅಲ್ಲಾಡಂಗಿಲ್ಲ!"

"ಸಮಿತಿ ಎಲ್ಲಾ ನೀರಾಗೇ ನಿಂತದ. ಕೇಳು," ಎಂದ ಬಂಡೆಪ್ಪ.

"ಮಂಜೂರು!" ಎಂದಿತು ಸಮಿತಿ.

ಬಂಡೆಪ್ಪ ಮೀಟಿದ. ಧನರಾಜ ಕೈ ಬಿಡಲಿಲ್ಲ. ಅಪ್ಪನೂ ಮಗನೂ ಕೂಡಿಯೇ ಉದ್ಯಾನಕ್ಕೆ ಇಳಿದರು. ಬೀದಿಯಲ್ಲಿ ಮಾಣಿಕಮ್ಮನ ಹೊಸ್ತಿಲು ನೀರಿನಿಂದ ಮೆಲ್ಲನೆ ಮೇಲೆ ಬಂತು.