ಗೋಣೆಪ್ಪನ ನಡುಮನೆಯ ಸರ್ಟಿಫಿಕೇಟು

ಮಗಳು ಚೈತ್ರಾ ನ್ಯಾಮತಿಯಲ್ಲಿ ಔಷಧಿ ಅಂಗಡಿ ಇಟ್ಟ ಮೇಲೆ ಗೋವಿನಕೋವಿಯ ಗೋಣೆಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಗಡಿ ಗೋಡೆ ಮೇಲೆ ಇರಬೇಕಾದ ಅವಳ ಫಾರ್ಮಸಿಸ್ಟ್ ಸರ್ಟಿಫಿಕೇಟನ್ನೇ "ನೆಂಟರು ಬರ್ತಾರೆ, ತೋರಿಸಿ ವಾಪಸ್ ಕೊಡ್ತೀನಿ" ಅಂತ ಹೊತ್ತು ತಂದು ನಡುಮನೆಯಲ್ಲಿ ನೇತು ಹಾಕಿದ್ದ. ಹೆತ್ತ ಕರುಳು, ಏನು ಹೇಳೋಣ!

ಪಕ್ಕದ ಮನೆ ಗುರುಸ್ವಾಮಿಗೆ ಮಂಡಿನೋವು. ಯಾರೋ ಹೇಳಿದ ನೋವಿನ ಗುಳಿಗೆ ದಿನಾ ನುಂಗುತ್ತಿದ್ದ, ಅದು ಖಾಲಿಯಾಗಿತ್ತು.

"ಬಾರೋ, ನನ್ನ ಮಗಳ ಅಂಗಡಿ ಐತೆ, ಕೊಡಿಸ್ತೀನಿ" ಅಂತ ಗೋಣೆಪ್ಪ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ.

"ಇಂಥದ್ದೇ ಎರಡು ಶೀಟು ಕೊಡವ್ವ" ಅಂತ ಗುರುಸ್ವಾಮಿ ಅಂಗಡಿಯಲ್ಲಿ ಚೈತ್ರಾಳ ಮುಂದೆ ಖಾಲಿ ಶೀಟು ಇಟ್ಟ.

"ಬೇರೆ ಯಾವ ಗುಳಿಗೆ ತಗಂತೀರಿ ದೊಡ್ಡಪ್ಪ?" ಚೈತ್ರಾ ಕೇಳಿದಳು.

"ಬಿಪಿದು."

ಅವನ ಪಾದ ಬಾತು, ಚಪ್ಪಲಿ ಪಟ್ಟಿ ಒಳಗೆ ಒತ್ತಿಕೊಂಡಿತ್ತು. ಅವಳು ಅದನ್ನು ನೋಡಿದಳು.

"ಕಾಲು ಯಾವಾಗಿಂದ ಊದೈತೆ?"

"ಈ ಗುಳಿಗೆ ಶುರು ಮಾಡಿದ ಮೇಲೆ."

"ಹಂಗಾದ್ರೆ ಇದನ್ನ ಕೊಡಾಕಾಗಲ್ಲ."

ಅಂಗಡಿ ಮುಂದೆ ಜನ ನಿಂತಿದ್ದರು. ಗೋಣೆಪ್ಪನ ಮುಖ ಸಣ್ಣಗಾಯಿತು. "ನಾನು ಕರ್ಕೊಂಡು ಬಂದೀನವ್ವ, ಮಾನ ಕಳೀಬ್ಯಾಡ."

"ಬಿಡೋ ಮಾರಾಯ, ಗುಳಿಗೆ ಮಾರಾಕೆ ಕುಂತೋರೂ ಡಾಕ್ಟ್ರಾಗ್ತಾರೆ" ಅಂದ ಗುರುಸ್ವಾಮಿ.

ಚೈತ್ರಾ ಸಿಟ್ಟಾಗಲಿಲ್ಲ. "ನಾನು ಡಾಕ್ಟ್ರಲ್ಲ ದೊಡ್ಡಪ್ಪ. ರೋಗ ಕಂಡುಹಿಡಿಯೋದು ಅವರ ಕೆಲಸ. ಯಾವ ಔಷಧಿ ಮೈಯಾಗೆ ಏನು ಮಾಡ್ತೈತೆ, ಯಾವುದರ ಜೊತೆ ಯಾವುದು ಆಗಿಬರಲ್ಲ ಅನ್ನೋದು ನನ್ನ ಓದು. ಕಾಲೇಜು ಮುಗಿಸಿ, ತರಬೇತಿ ಪಡೆದು, ರಾಜ್ಯದ ಫಾರ್ಮಸಿ ಕೌನ್ಸಿಲಿನಾಗೆ ಹೆಸರು ನೋಂದಾಯಿಸೀನಿ. ಈ ನೋವಿನ ಗುಳಿಗೆಯಿಂದ ಬಿಪಿ ಏರಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಇದನ್ನ ನಿಲ್ಲಿಸ್ರಿ, ಬಿಪಿದು ಬಿಡಬ್ಯಾಡ್ರಿ, ಈಗಲೇ ಆಸ್ಪತ್ರೆಗೆ ಹೋಗ್ರಿ."

ಕಿಡ್ನಿ ಅಂದದ್ದೇ ತಡ, ಗುರುಸ್ವಾಮಿ ಹೆದರಿ ಬೈಕ್ ಹತ್ತಿದ. ಗೋಣೆಪ್ಪ ಮುಖ ಊದಿಸಿಕೊಂಡೇ ಗೆಳೆಯನನ್ನು ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಬಿಪಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

"ಕಿಡ್ನಿಗೆ ತೊಂದರೆ ಶುರುವಾಗಿದೆ. ಬೇಗ ಬಂದಿದ್ದಕ್ಕೆ ಸರಿಹೋಗುತ್ತೆ. ಯಾರು ಕಳಿಸಿದ್ದು?"

ಗೋಣೆಪ್ಪ ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಗುರುಸ್ವಾಮಿಯೇ ಅಂದ: "ನಮ್ಮ ಹುಡುಗಿ ಸಾರ್. ನಮ್ಮೂರ ಫಾರ್ಮಸಿಸ್ಟು."

ಮರುದಿನ ಗೋಣೆಪ್ಪ ಸರ್ಟಿಫಿಕೇಟನ್ನು ಟವಲಿನಲ್ಲಿ ಸುತ್ತಿ ಅಂಗಡಿಗೆ ತಂದ. ಮೊಳೆ ಹೊಡೆದವನು ಗುರುಸ್ವಾಮಿ.

"ನೆಂಟರು ಬಂದ್ರೆ ಏನು ತೋರಿಸ್ತೀಯಪ್ಪ?" ಚೈತ್ರಾ ನಕ್ಕಳು.

"ಇಲ್ಲಿಗೇ ಕರ್ಕೊಂಡು ಬರ್ತೀನಿ. ಮನೇಲಿದ್ರೆ ನನಗೊಬ್ಬನಿಗೇ ಹೆಮ್ಮೆ. ಇಲ್ಲಿದ್ರೆ ಊರಿಗೆಲ್ಲ."

ಅಕ್ಕ, ಅಣ್ಣ, ನೀವೂ ಔಷಧಿ ಅಂಗಡಿಗೆ ಹೋದಾಗ ಗೋಡೆ ಮೇಲಿನ ಸರ್ಟಿಫಿಕೇಟು ನೋಡಿ, ಫಾರ್ಮಸಿಸ್ಟ್ ಯಾರು ಅಂತ ಕೇಳಿ. ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಮುಚ್ಚಿಡದೆ ಹೇಳಿ. ಅವರು "ಕೊಡಲ್ಲ, ಡಾಕ್ಟರನ್ನ ಕಾಣಿ" ಅಂದರೆ ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗಬೇಡಿ. ಬರೀ ವ್ಯಾಪಾರ ಬೇಕಿದ್ದರೆ ಅವರು ಕೊಟ್ಟೇ ಕಳಿಸುತ್ತಿದ್ದರು.